ಏಳು ಪುಸ್ತಕ, ಒಂದು ಮಾತು

ಯಶಸ್ವಿ ಏಳು ಪುಸ್ತಕಗಳ ಹೆಸರು ಕಳಿಸಿದ್ದಳು. ಸಿನೆಮಾ ನಟನೆ ಹೇಗೆ ಹುಟ್ಟಿತು, ಹೇಗೆ ಬೆಳೆಯಿತು, ನಟನೆ ಅಂದರೆ ಏನು ಎಂದು ದೊಡ್ಡವರೆಲ್ಲ ಬರೆದಿಟ್ಟ ಪುಸ್ತಕಗಳು. ಜೊತೆಗೆ "ಯಾವುದಾದ್ರೂ ಒಂದನ್ನು ಸುಮ್ಮನೆ ತಿರುವಿ ಹಾಕಿ ಅಕ್ಕ, ಅಷ್ಟು ಸಾಕು" ಎಂದೂ ಬರೆದಿದ್ದಳು. ನಾನು ಏಳನ್ನೂ ಓದಿದೆ. ಕೆಟ್ಟದ್ದು ಅಲ್ಲಿಂದಲೇ.

ತಾಳಮದ್ದಳೆಯವರ ಕೈಗೆ ಪುಸ್ತಕ ಕೊಡುವ ಮೊದಲು ಯಾರಾದರೂ ಎರಡು ಸಲ ಯೋಚಿಸಬೇಕು. ನಾವು ತಿಳಿದುಕೊಳ್ಳಲು ಓದುವ ಜನ ಅಲ್ಲ, ಗೆಲ್ಲಲು ಓದುವ ಜನ. ತಾಳಮದ್ದಳೆ ನೋಡದವರಿಗಾಗಿ ಹೇಳುತ್ತೇನೆ: ಅದರಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆ ನುಡಿಯುತ್ತದೆ, ಆಮೇಲೆ ಎದುರುಬದುರು ಕುಳಿತವರು ಆ ಪದ್ಯಕ್ಕೆ ಅಲ್ಲಲ್ಲೇ ಹುಟ್ಟಿಸಿದ ಮಾತಿನಲ್ಲಿ ಅರ್ಥ ಹೇಳುತ್ತಾರೆ. ಒಬ್ಬರು ಸಂಧಾನಕ್ಕೆ ಬಂದ ದೂತನಾದರೆ ಇನ್ನೊಬ್ಬರು ಹಟಮಾರಿ ರಾಜ. ನಾಲ್ಕು ಸಾಲಿನ ಪದ್ಯಕ್ಕೆ ಅರ್ಧ ಗಂಟೆಯ ವಾದ. ಬರೆದಿಟ್ಟ ಮಾತು ಯಾವುದೂ ಇಲ್ಲ. ಕಳೆದ ವರ್ಷ ಹೇಳಿದ್ದನ್ನೇ ಈ ವರ್ಷವೂ ಹೇಳಿದರೆ ಎದುರಿನ ಸಾಲಿನ ಅಜ್ಜಂದಿರು "ಬಾಯಿಪಾಠ" ಎಂದು ಪಿಸುಗುಟ್ಟಿ ಎಲೆಯಡಿಕೆಗೆ ಕೈ ಹಾಕುತ್ತಾರೆ. ನಮಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಪುತ್ತೂರಿನ ನಮ್ಮ ಮಹಿಳಾ ತಂಡದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಅರ್ಥ ಹೇಳಿದ ಈ ಮನೋರಮಾ ಒಮ್ಮೆಯೂ ಆ ಮಾತು ಕೇಳಿಸಿಕೊಂಡವಳಲ್ಲ.

ಈಗ ಅರ್ಥ ಹೇಳುತ್ತಿಲ್ಲ. ಗಂಟಲಲ್ಲಿ ಸಣ್ಣ ಗಂಟುಗಳು ಕಾಣಿಸಿಕೊಂಡವು. ಹೆದರುವಂಥದ್ದಲ್ಲ ಎಂದು ಡಾಕ್ಟರು ಹೇಳಿದಾಗ ಮನೆಯವರು ದೇವರಿಗೆ ಕೈಮುಗಿದರು. ಆದರೆ ಡಾಕ್ಟರು ಮುಂದೆ ಹೇಳಿದ್ದು ನನಗೆ ಮಾತ್ರ ಕೇಳಿಸಿತು: "ಮನೆಯಲ್ಲಿ ಮಾತಾಡುದಕ್ಕೆ ತೊಂದರೆ ಇಲ್ಲಮ್ಮ. ಗಂಟೆಗಟ್ಟಲೆ ಗಟ್ಟಿಯಾಗಿ ಮಾತಾಡುದು ಮಾತ್ರ ಇನ್ನು ಬೇಡ." ನನ್ನ ಜಾಗದಲ್ಲಿ ಈಗ ಗಾನಶ್ರೀ ಎಂಬ ಹುಡುಗಿ ಕೂರುತ್ತಾಳೆ. ಚೆನ್ನಾಗಿಯೇ ಹೇಳುತ್ತಾಳೆ, ಅದೇ ಹೆಚ್ಚು ಉರಿ. ನಾನು ಎದುರಿನ ಕುರ್ಚಿಯಲ್ಲಿ ಕುಳಿತು, ಅವಳು ಬಿಟ್ಟ ಪಾಯಿಂಟುಗಳನ್ನೆಲ್ಲ ಒಂದೊಂದಾಗಿ ನುಂಗುತ್ತಿದ್ದೆ.

ಯಶಸ್ವಿ ನನ್ನನ್ನು ಕಂಡದ್ದು ಹಾಗೆ ಕುಳಿತಿದ್ದಾಗಲೇ. ಸುಳ್ಯದ ಗೌಡರ ಹುಡುಗಿ. ಎಲ್ಲೋ ದೂರ ಹೋಗಿ ಸಿನೆಮಾ ಕಲಿತು ಬಂದು, ತನ್ನ ಮೊದಲ ಸಿನೆಮಾಕ್ಕೆ ಜನ ಹುಡುಕುತ್ತಿದ್ದಳು. ಕೂಟ ಮುಗಿದ ಮೇಲೆ ಹತ್ತಿರ ಬಂದು, "ಅಕ್ಕ, ನನ್ನ ಸಿನೆಮಾದಲ್ಲಿ ಮಾಡ್ತೀರಾ? ಮಾತು ತುಂಬಾ ಕಡಿಮೆ" ಎಂದು ಕೇಳಿದಳು. ಮಾತು ಕಡಿಮೆ ಎಂಬುದನ್ನು ಆಮಿಷದಂತೆ ಹೇಳಿದವರು ನನ್ನ ಜೀವನದಲ್ಲಿ ಅವಳೊಬ್ಬಳೇ. ಆದರೂ ಒಪ್ಪಿದೆ. ಮುಖಕ್ಕೆ ಬೆಳಕು ಬೀಳುವ ಜಾಗದಲ್ಲಿ ಇನ್ನೊಮ್ಮೆ ಕೂರಬೇಕು ಅನ್ನುವ ಆಸೆ ನನಗೆ ನಾಚಿಕೆಯಾಗುವಷ್ಟು ಇತ್ತು. ಇದೂ ಕೈತಪ್ಪಿದರೆ ಇನ್ನೊಂದು ಜಾಗ ಇಲ್ಲ ಎಂಬುದೂ ಗೊತ್ತಿತ್ತು.

ಪಾತ್ರ ಇಷ್ಟು: ಇಚಿಲಂಪಾಡಿಯ ಮಾರ್ಗದ ಬದಿಯಲ್ಲಿ ಚಾಯದಂಗಡಿ ಇಟ್ಟುಕೊಂಡ ಹೆಂಗಸು. ಬಹಳ ವರ್ಷಗಳ ಹಿಂದೆ ಬಿಟ್ಟುಹೋದ ಗಂಡ ಒಂದು ದಿನ ಸುಬ್ರಹ್ಮಣ್ಯದ ಬಸ್ಸಿನಿಂದ ಇಳಿದು ಬಂದು, ಗಿರಾಕಿಯಂತೆ ಬೆಂಚಿನ ಮೇಲೆ ಕೂರುತ್ತಾನೆ. ಅವಳು ಚಾಯದ ಗ್ಲಾಸು ಇಟ್ಟು, ಚಮಚ ಹಿಡಿದು, "ಚಾಯಕ್ಕೆ ಸಕ್ಕರೆ ಹಾಕ್ಲಾ?" ಎಂದು ಕೇಳುತ್ತಾಳೆ. ಅವನು ತಲೆ ಆಡಿಸುತ್ತಾನೆ. ಮುಗಿಯಿತು. ಇಡೀ ಸಿನೆಮಾದಲ್ಲಿ ನನ್ನದು ಆ ಒಂದೇ ಮಾತು.

ಪುಸ್ತಕಗಳ ವಿಷಯಕ್ಕೆ ಬರುತ್ತೇನೆ. ಎರಡನ್ನು ಯಶಸ್ವಿ ತಂದುಕೊಟ್ಟಳು, ಉಳಿದವು ಫೋನಿನಲ್ಲಿ ಬಂದವು. ನನ್ನ ಇಂಗ್ಲಿಷು ಬಿ.ಎ. ಕಾಲದ್ದು, ಪಕ್ಕದಲ್ಲಿ ನಿಘಂಟು ಬೇಕು. ಹಲಸಿನ ಕಾಯಿ ಹದಕ್ಕೆ ಬರುವ ಹೊತ್ತು, ಮನೆ ತುಂಬ ಕೆಲಸ. ಆದರೂ ಬಿಡಲಿಲ್ಲ. ಮೊದಲನೆಯದು ಚರಿತ್ರೆ. ಮೂಕಿ ಕಾಲದಲ್ಲಿ ನಾಟಕದವರು ನಾಟಕದ್ದೇ ಕೈಬೀಸು, ಕಣ್ಣುರುಳಿಕೆಯನ್ನೆಲ್ಲ ಹೊತ್ತುಕೊಂಡು ಬಂದರಂತೆ. ಕ್ಯಾಮರಾ ಹತ್ತಿರ ಬಂದಂತೆ ಮುಖ ಗೋಡೆಯಷ್ಟು ದೊಡ್ಡದಾಯಿತು, ರೆಪ್ಪೆ ಬಡಿದರೂ ಸುದ್ದಿ ಎಂಬಂತಾಯಿತು. ಆಮೇಲೆ ಮಾತು ಬಂತು, ಸ್ವರ ಒಗ್ಗದವರು ಮನೆಗೆ ಹೋದರು. ಆ ಅಧ್ಯಾಯವನ್ನು ನಾನು ಬೇಗ ಬೇಗ ತಿರುವಿದೆ. ಇನ್ನೊಂದು ಪುಸ್ತಕ, ನಿನ್ನದೇ ನೋವನ್ನು ನೆನಪಿಸಿಕೊಂಡು ಆ ಕ್ಷಣದಲ್ಲಿ ನಿಜವಾಗಿ ಅನುಭವಿಸು ಎಂದಿತು. ಮತ್ತೊಂದು, ಅನುಭವಿಸುವುದೆಲ್ಲ ಬೇಡ, ಕೈಗೆ ಕೆಲಸ ಕೊಡು, ಭಾವ ಅದರ ಹಿಂದೆಯೇ ಬರುತ್ತದೆ ಎಂದಿತು. ಆರನೆಯದು ದಪ್ಪ ಪುಸ್ತಕ. ನಲ್ವತ್ತನೇ ಪುಟದಿಂದ ಮುಂದಿನದು ಬರೆದವರಿಗೂ ಅರ್ಥವಾಗಿರಲಾರದು. ಕೊನೆಯದರಲ್ಲಿ ದೊಡ್ಡ ದೊಡ್ಡ ನಟರ ಸಂದರ್ಶನಗಳಿದ್ದವು. ಒಬ್ಬೊಬ್ಬರೂ ನಾನು ನಟನೆಯ ಬಗ್ಗೆ ಒಂದು ಪುಸ್ತಕವನ್ನೂ ಓದಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದರು.

ನನ್ನ ಪಿತ್ತ ನೆತ್ತಿಗೇರಿಸಿದ್ದು ನಾಲ್ಕನೆಯದು. ಅದರ ಪ್ರಕಾರ ನಟಿ ಏನೂ ಮಾಡಬೇಕಾಗಿಲ್ಲ. ಸುಮ್ಮನಿರುವ ಒಂದು ಮುಖ ತೋರಿಸಿ ಆಮೇಲೆ ಅನ್ನದ ತಟ್ಟೆ ತೋರಿಸಿದರೆ ಜನ ಅದನ್ನು ಹಸಿವು ಅನ್ನುತ್ತಾರೆ, ಅದೇ ಮುಖದ ಮುಂದೆ ಹೆಣ ತೋರಿಸಿದರೆ ದುಃಖ ಅನ್ನುತ್ತಾರೆ. ಎಲ್ಲ ಜೋಡಿಸುವವರ ಕೈಚಳಕ.

"ಹಾಗಾದ್ರೆ ನಟಿ ಎಂತಕ್ಕೆ? ಒಂದು ಕುಂಬಳಕಾಯಿ ಇಟ್ಟು ತೆಗೆದ್ರೆ ಸಾಕಲ್ಲ!" ಎಂದೆ.

ಅಡುಗೆಮನೆಯ ಬಾಗಿಲಲ್ಲಿ ಪೇಪರು ಓದುತ್ತಿದ್ದ ನನ್ನ ಗಂಡ ಗೌರೀಶಂಕರರು ಕನ್ನಡಕ ಇಳಿಸಿದರು. ಹೈಸ್ಕೂಲಿನಲ್ಲಿ ಲೆಕ್ಕದ ಮಾಸ್ಟ್ರಾಗಿದ್ದವರು. ಪ್ರತಿ ಪ್ರಸಂಗಕ್ಕೂ ಮುಂಚೆ ನನ್ನ ಎದುರು ಪಾತ್ರ ಹಿಡಿದು ನನ್ನನ್ನು ಹದಮಾಡುತ್ತಿದ್ದವರು ಅವರೇ. ನಮ್ಮ ಮನೆಮಾತು ಹವ್ಯಕ. ನಿಮಗೆ ತಿಳಿಯಲೆಂದು ಊರ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕುಂಬಳಕಾಯಿಗೆ ಒಂದು ಗುಣ ಉಂಟು," ಎಂದರು. "ಹೇಳಿದ ಕಡೆ ಕೂರ್ತದೆ."

"ನೀವು ನಾಲ್ಕನೇ ಪುಸ್ತಕದ ಪಕ್ಷವಾ?"

"ಎದುರು ಯಾರಾದ್ರೂ ಬೇಕಲ್ಲ ನಿನಗೆ. ಮಾತು ಬೆಳ್ಳಿ, ಮೌನ ಬಂಗಾರ ಅಂತ ಗಾದೆಯೇ ಉಂಟು."

"ನನಗೆ ಬೆಳ್ಳಿಯೇ ಸಾಕು."

ಹಾಗೆ ನಮ್ಮ ಮನೆಯಲ್ಲಿ ಸಿನೆಮಾ ನಟನೆಯ ಮೇಲೆ ಒಂದು ತಾಳಮದ್ದಳೆಯೇ ನಡೆಯಿತು. ಅವರು ಕುಂಬಳಕಾಯಿ ಪಕ್ಷ, ನಾನು ಅನುಭವ ಪಕ್ಷ. ದಿನಕ್ಕೆ ಸ್ವಲ್ಪ ಸ್ವಲ್ಪ, ಗಂಟಲು ನೋಡಿಕೊಂಡು. ವಾರದೊಳಗೆ ಏಳು ಪುಸ್ತಕಗಳ ಹುಳುಕುಗಳೆಲ್ಲ ನನ್ನ ನಾಲಗೆಯ ತುದಿಯಲ್ಲಿದ್ದವು. ಶೂಟಿಂಗಿಗೆ ಹೊರಟ ದಿನ ನಾನು ಒಂದು ಪಾತ್ರ ಮಾಡಲು ಹೊರಟವಳಂತೆ ಇರಲಿಲ್ಲ, ಒಂದು ಸಭೆ ಗೆಲ್ಲಲು ಹೊರಟವಳಂತಿದ್ದೆ.

ಇಚಿಲಂಪಾಡಿಯಲ್ಲಿ ಮಾರ್ಗದ ಬದಿಗೆ ಚಂದದ ಒಂದು ಚಾಯದಂಗಡಿ ಕಟ್ಟಿದ್ದರು. ನಿಜವಾದ ಅಂಗಡಿಯೆಂದು ತಿಳಿದು ಧರ್ಮಸ್ಥಳದಿಂದ ಸುಬ್ರಹ್ಮಣ್ಯಕ್ಕೆ ಹೋಗುವವರು ಕಾರು ನಿಲ್ಲಿಸಿ ಚಾಯ ಕೇಳುತ್ತಿದ್ದರು. ಕ್ಯಾಮರಾ ಹಿಡಿದವನು ಉದಯ. ಗಂಡನ ಪಾತ್ರಕ್ಕೆ ಕಡಬದ ಅಚ್ಚುತಣ್ಣ, ನಾಟಕದಲ್ಲಿ ಪಳಗಿದವರು, ನಾಲ್ಕಾರು ಸಿನೆಮಾಗಳಲ್ಲಿ ಸಣ್ಣ ಪಾತ್ರ ಮಾಡಿದವರು. ಅವರು ಬಂದು ಕೂರುತ್ತಾರೆ, ಚೀಲವನ್ನು ಬಲಕ್ಕೆ ಇಡುತ್ತಾರೆ, ಹೆಗಲ ಮೇಲಿನ ಬೈರಾಸಿನಲ್ಲಿ ಕುತ್ತಿಗೆ ಒರಸುತ್ತಾರೆ, ನನ್ನ ಮಾತು ಮುಗಿದಾಗ ತಲೆ ಆಡಿಸುತ್ತಾರೆ. ಎಷ್ಟು ಸಲ ಮಾಡಿದರೂ ಎಳ್ಳಷ್ಟೂ ವ್ಯತ್ಯಾಸ ಇಲ್ಲ. ಪಾಪ, ಕಲ್ಪನೆ ಕಡಿಮೆ ಎಂದುಕೊಂಡೆ.

ಮೊದಲ ಸಲ ನಾನು ಬರೆದಂತೆಯೇ ಹೇಳಿದೆ. ಯಶಸ್ವಿ ಓಡಿ ಬಂದಳು.

"ಅಕ್ಕ, ತುಂಬಾ ಚೆನ್ನಾಗಿತ್ತು. ಇನ್ನೊಂದು ಸಲ, ಹೀಗೇ."

"ಚೆನ್ನಾಗಿದ್ರೆ ಇನ್ನೊಂದು ಸಲ ಎಂತಕ್ಕೆ?"

"ಈಗ ಅಚ್ಚುತಣ್ಣನ ಹಿಂದಿಂದ ತೆಗಿಯುದು. ಆಮೇಲೆ ಬದಿಯಿಂದ. ಎಲ್ಲಾ ಒಂದಕ್ಕೊಂದು ಸೇರ್ಬೇಕಲ್ಲ, ಹಾಗಾಗಿ."

ಅವಳು ಹೇಳಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹೇಳಿದ್ದನ್ನೇ ಹೇಳಬೇಕೆಂದಾಗ ಎದುರಿನ ಸಾಲಿನ ಅಜ್ಜಂದಿರೆಲ್ಲ ಕಣ್ಣ ಮುಂದೆ ಬಂದು ಎಲೆಗೆ ಸುಣ್ಣ ಹಚ್ಚಲು ತೊಡಗಿದರು. ಎರಡನೇ ಸಲ ಚಮಚವನ್ನು ಎಡಗೈಗೆ ತೆಗೆದುಕೊಂಡು "ಸಕ್ಕರೆ ಹಾಕ್ಲಾ, ಚಾಯಕ್ಕೆ?" ಎಂದೆ. ಮೂರನೇ ಸಲ "ಸಕ್ಕರೆ ಈಗ ಎಷ್ಟು ಬೇಕಾಗ್ತದೆ?" ಎಂದೆ. ಅದರ ನಂತರದ ಸಲ ನನಗೇ ಖುಷಿಯಾಗುವಂತೆ ಬಂತು: "ಚಾಯಕ್ಕೆ ಸಕ್ಕರೆ ಹಾಕ್ಲಾ? ಅಲ್ಲ, ಇಷ್ಟು ವರ್ಷ ಬೇರೆ ಯಾರೋ ಹಾಕಿಕೊಟ್ಟದ್ದೇ ರುಚಿಯಾ?" ಕ್ಯಾಮರಾದ ಹಿಂದೆ ಉದಯ ಕಿಸಕ್ಕನೆ ನಕ್ಕ. ನಾನು ಅದನ್ನು ಚಪ್ಪಾಳೆ ಎಂದೇ ತೆಗೆದುಕೊಂಡೆ.

ಯಶಸ್ವಿ ಬೆಂಚಿನ ಮೇಲೆ ನನ್ನ ಪಕ್ಕ ಕುಳಿತು, ಮಕ್ಕಳಿಗೆ ಹೇಳುವಂತೆ ಹೇಳಿದಳು. "ಒಂದು ಕಡೆಯಿಂದ ನೋಡುವಾಗ ಚಮಚ ಬಲಗೈಯಲ್ಲಿ, ಇನ್ನೊಂದು ಕಡೆಯಿಂದ ಎಡಗೈಯಲ್ಲಿ ಇದ್ರೆ ನಾನು ಜೋಡಿಸುದು ಹೇಗೆ ಅಕ್ಕ? ಮಾತು ಬೇರೆ ಬೇರೆ ಇದ್ರೆ ಹೇಗೆ?"

"ಆ ಕ್ಷಣಕ್ಕೆ ಹುಟ್ಟಿದ್ದು ಮಾತ್ರ ಸತ್ಯ ಅಂತ ನೀನೇ ಕೊಟ್ಟ ಪುಸ್ತಕದಲ್ಲಿ ಉಂಟು. ಹುಟ್ಟಿದ ಮಗು ಮತ್ತೊಮ್ಮೆ ಹುಟ್ತದಾ?"

"ಅದು ಸರಿ ಅಕ್ಕ, ಆದ್ರೆ..."

"ಆದ್ರೆ ಅಂತ ಹೇಳಿದವರ ಪುಸ್ತಕವೂ ಓದಿದ್ದೇನೆ. ಅವರೇ ಕೊನೆಯ ಅಧ್ಯಾಯದಲ್ಲಿ ಒಪ್ಪಿಕೊಂಡಿದ್ದಾರೆ, ಯಂತ್ರದ ಹಾಗೆ ಮಾಡುದು ನಟನೆ ಅಲ್ಲ ಅಂತ. ನೀನು ಯಾವ ಪಕ್ಷ, ಮೊದಲು ಹೇಳು."

ಕಾಲು ಗಂಟೆ ಮಾತಾಡಿದೆ. ಲೈಟು ಹಿಡಿದವರು, ಮೇಕಪ್ಪಿನವರು ಎಲ್ಲ ಸುತ್ತ ನಿಂತು ಕೇಳಿದರು. ವಾದದಲ್ಲಿ ನಾನು ಗೆದ್ದೆ. ಶಾಟ್ ಆಗಲಿಲ್ಲ. ಆಮೇಲೂ ಆಗಲಿಲ್ಲ. ಬರೆದಂತೆಯೇ ಹೇಳಬೇಕೆಂದು ಹೊರಟರೆ ಬಾಯಿಪಾಠದ ಹಾಗೆ ಸಪ್ಪೆಯಾಗುತ್ತಿತ್ತು. ಸಪ್ಪೆಯಾಯಿತೆಂದು ಏನಾದರೂ ಸೇರಿಸಿದರೆ ಯಶಸ್ವಿ "ಕಟ್" ಅನ್ನುತ್ತಿದ್ದಳು. ಚೆನ್ನಾಗಿ ಆಗುತ್ತಿದೆ ಅನ್ನುವಾಗ ಬಸ್ಸು ಹಾರನ್ನು ಹೊಡೆಯುತ್ತಿತ್ತು. ಬಸ್ಸು ಗಲಾಟೆ ಮಾಡುತ್ತದೆ, ಚಮಚ ಉದ್ದ ಇದೆ ಎಂದೆಲ್ಲ ನಾನು ದೂರಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸಂಜೆಯ ಹೊತ್ತಿಗೆ ನನ್ನ ಸ್ವರ ಒಡೆದು, ಹಳೆಯ ರೇಡಿಯೋದ ಹಾಗೆ ಕರಕರ ಅನ್ನುತ್ತಿತ್ತು.

ಸಿನೆಮಾಕ್ಕೆ ಹಣ ಹಾಕಿದ ವಿಷ್ಣುಪ್ರಸಾದ್ ಆ ಹೊತ್ತಿಗೇ ಬಂದರು. ಪರದೆಯ ಹಿಂದೆ ನಿಂತು ಯಶಸ್ವಿಯ ಹತ್ತಿರ ಮಾತಾಡಿದರು. ಸಣ್ಣ ದನಿಯಲ್ಲಿ ಮಾತಾಡಲು ಅವರಿಗೆ ಬರುವುದಿಲ್ಲ.

"ಮಂಗಳೂರಿನವರು ಒಬ್ರು ಇದ್ದಾರೆ, ಸೀರಿಯಲ್ ಮಾಡಿದವರು. ನಾಡಿದ್ದು ಬರ್ಲಿಕ್ಕೆ ರೆಡಿ ಇದ್ದಾರೆ. ಇವರಿಗೆ ಆಗುದಿಲ್ಲ ಮಾರಾಯ್ತಿ. ಭಾಷಣ ಮಾಡಿಯೇ ಅಭ್ಯಾಸ ಅವರಿಗೆ."

ಯಶಸ್ವಿ ಬಂದು ನನ್ನ ಎದುರು ನಿಂತಳು. ಸುಳ್ಳು ಹೇಳಲಿಲ್ಲ, ಅದಕ್ಕೆ ಅವಳನ್ನು ಮೆಚ್ಚಬೇಕು. "ನಾಳೆ ಮಧ್ಯಾಹ್ನದವರೆಗೆ ನೋಡುವ ಅಕ್ಕ. ಆಗದಿದ್ರೆ ನಾನು ಬೇರೆಯವರನ್ನು ಕರೆಯಬೇಕಾಗ್ತದೆ." ಅವಳ ಕಣ್ಣಲ್ಲಿ ನೀರಿತ್ತು.

ಹಿಂದಿರುಗುವಾಗ ಕಾರಿನಲ್ಲಿ ಗೌರೀಶಂಕರರು ತಮಾಷೆ ಮಾಡಲಿಲ್ಲ. ಅವರು ತಮಾಷೆ ಮಾಡದಿದ್ದಾಗ ನನಗೆ ಹೆದರಿಕೆಯಾಗುತ್ತದೆ. ಸವಣೂರಿಗೆ ಬಂದಾಗ, "ಕಮಲಕ್ಕನ ಮನೆ ಹತ್ತಿರ ನಿಲ್ಲಿಸಿ" ಎಂದೆ.

ಕಮಲಾವತಿ ನಮ್ಮ ತಂಡದ ಭಾಗವತರು. ನಾನು ಹೇಳಿದ ಅರ್ಥಕ್ಕೆಲ್ಲ ಪದ್ಯ ಹಾಡಿದವಳು ಅವಳು. ಅಂಗಳದಲ್ಲಿ ಚಾಪೆಯ ಮೇಲೆ ಒಣಗಿದ ಹಲಸಿನ ಹಪ್ಪಳ ಹೆಕ್ಕುತ್ತಿದ್ದಳು. ನನ್ನ ಸ್ವರ ಕೇಳಿದ್ದೇ ಎದ್ದು ಒಳಗೆ ಹೋಗಿ ಬಿಸಿನೀರು ತಂದುಕೊಟ್ಟಳು. ನಾನು ಕುಡಿದು, ಅಂಗಳದ ಕಟ್ಟೆಯಲ್ಲಿ ಕುಳಿತು, ಇಡೀ ದಿನದ ಸಂಕಟ ಹೊರಗೆ ಹಾಕಿದೆ.

"ಒಂದೇ ಮಾತನ್ನು ಹತ್ತು ಸಲ, ಇಪ್ಪತ್ತು ಸಲ ಹೇಳ್ಬೇಕಂತೆ ಕಮಲಕ್ಕ. ಅಕ್ಷರ ಬದಲಾಗ್ಬಾರ್ದು, ಕೈ ಬದಲಾಗ್ಬಾರ್ದು. ನಾನು ಎಂತ ಗಿಳಿಯಾ? ಕಲಾವಿದರು ಅಂತ ಹೇಳಿಸಿಕೊಂಡವರು ಹೇಳಿದ್ದನ್ನೇ ಹೇಳ್ತಾ ಕೂರುದುಂಟಾ?"

ಕಮಲಕ್ಕನ ಕೈ ನಿಂತಿತು. ಹಪ್ಪಳದ ಕಟ್ಟನ್ನು ಮೆಲ್ಲನೆ ಕೆಳಗಿಟ್ಟಳು.

"ಹಾಗಾದ್ರೆ ನಾನು ಯಾರು?" ಎಂದಳು.

ನನಗೆ ಅರ್ಥವಾಗಲಿಲ್ಲ.

"ನಿನ್ನ ಪಕ್ಕ ಕೂತು ಇಷ್ಟು ವರ್ಷ ಹಾಡಿದೆನಲ್ಲ. ರಾಗ ಒಮ್ಮೊಮ್ಮೆ ಬೇರೆ ಮಾಡಿಯೇನು. ಒಂದು ಅಕ್ಷರ ಬದಲಿಸಿದ್ದುಂಟಾ? ತಾಳ ಬಿಟ್ಟದ್ದುಂಟಾ? ಅದೇ ಪದ್ಯ, ಅದೇ ಪದ. ನಾನು ಗಿಳಿಯಾ? ಇಷ್ಟು ವರ್ಷ ನೀನು ಹಾಗೆ ತಿಳ್ಕೊಂಡದ್ದಾ?"

ಅವಳು ಸಿಟ್ಟಾಗಿದ್ದಳು. ಸಿಟ್ಟಿಗಿಂತ ಹೆಚ್ಚು ನೋವಾಗಿತ್ತು. ಅವಳ ಪದ್ಯ ಮುಗಿಯುವುದನ್ನೇ ಕಾಯುತ್ತ, ಯಾವ ಮಾತಿನಿಂದ ಶುರುಮಾಡಲಿ ಎಂದು ಯೋಚಿಸುತ್ತ ಕುಳಿತದ್ದೇ ನನ್ನ ಇಷ್ಟು ವರ್ಷದ ಕೆಲಸ. ಅದೇ ಪದ್ಯವನ್ನು ಅದೇ ಅಕ್ಷರಗಳಲ್ಲಿ ಇನ್ನೊಮ್ಮೆ ಜೀವಂತ ಮಾಡುವುದು ಏನೆಂದು ಒಂದು ದಿನವೂ ಅವಳನ್ನು ಕೇಳಿರಲಿಲ್ಲ.

"ತಪ್ಪಾಯ್ತು ಕಮಲಕ್ಕ."

"ತಪ್ಪು ಗಿಪ್ಪು ಬೇಡ. ಅರ್ಥ ಹೇಳ್ಲಿಕ್ಕೆ ನಿನಗೆ ಪದ್ಯ ಬೇಕು. ಅಲ್ಲಿ ಪದ್ಯವೇ ನೀನು. ಅರ್ಥ ನೋಡ್ಲಿಕ್ಕೆ ಬಂದವರು ಹೇಳ್ಕೊಳ್ತಾರೆ, ಅವರಿಗೂ ಸ್ವಲ್ಪ ಕೆಲಸ ಬಿಡು. ಹೂಂ, ಹೇಳು, ಎಂತ ನಿನ್ನ ಪದ್ಯ?"

"ಚಾಯಕ್ಕೆ ಸಕ್ಕರೆ ಹಾಕ್ಲಾ?"

ಅವಳು ಚಾಪೆಯ ಬದಿಯಲ್ಲಿ ಬೆರಳಿನಿಂದ ತಟ್ಟಿದಳು. "ಗಟ್ಟಿ ಬೇಡ. ಪುನಃ."

ಹೇಳಿದೆ. ಪುನಃ ಹೇಳಿದೆ. "ಸಕ್ಕರೆ" ಎಂಬಲ್ಲಿ ಸ್ವಲ್ಪ ಎಳೆದರೆ "ಅಲ್ಲಿ ಎಂತ ಸೇರಿಸಿದ್ದು? ತೆಗಿ" ಎನ್ನುತ್ತಿದ್ದಳು. ಇಬ್ಬರೂ ಹಪ್ಪಳ ಹೆಕ್ಕುತ್ತ ಹೆಕ್ಕುತ್ತ ಹೇಳಿದೆವು. ಹೇಳಿದ್ದು ನಾನು, ತಾಳ ಹಾಕಿದ್ದು ಅವಳು. ಕಾರಿನ ಹತ್ತಿರ ನಿಂತಿದ್ದ ಗೌರೀಶಂಕರರು ಇವರಿಬ್ಬರಿಗೂ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಮೊದಮೊದಲು ನಾಚಿಕೆಯಾಯಿತು, ಆಮೇಲೆ ಬೇಸರವಾಯಿತು, ಆಮೇಲೆ ಮಾತಿನಲ್ಲಿ ಅರ್ಥವೇ ಉಳಿಯದೆ ಬರೀ ಸದ್ದಾಯಿತು. ಬಿಡಲಿಲ್ಲ. ಚಾಪೆ ಅರ್ಧ ಖಾಲಿಯಾಗುವ ಹೊತ್ತಿಗೆ ಏನೋ ಆಯಿತು. ನಾನು ಏನೂ ಸೇರಿಸಿರಲಿಲ್ಲ, ಎಲ್ಲೂ ಒತ್ತಿರಲಿಲ್ಲ. ಅದೇ ಮಾತು ತಾನಾಗಿ ಭಾರವಾಗಿ ಬಂತು. ಕಮಲಕ್ಕ ತಟ್ಟುವುದನ್ನು ನಿಲ್ಲಿಸಿ ಮುಖ ಆಚೆ ತಿರುಗಿಸಿಕೊಂಡಳು.

"ಇನ್ನು ಹೋಗು, ಕತ್ತಲಾಗ್ತದೆ," ಎಂದಳು. ನನ್ನ ಕೈಗೆ ಒಂದು ಕಟ್ಟು ಹಪ್ಪಳವನ್ನೂ ತುರುಕಿದಳು.

ಮರುದಿನ ಬೆಳಿಗ್ಗೆ ನಾವು ಹೋಗುವಾಗಲೇ ವಿಷ್ಣುಪ್ರಸಾದ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದರು. ಮಂಗಳೂರಿನವರ ಫೋನ್ ನಂಬರು ಅವರ ಕಿಸೆಯಲ್ಲೇ ಇತ್ತೆಂದು ನನಗೆ ಅನ್ನಿಸಿತು. ಗೌರೀಶಂಕರರು ಅವರ ಪಕ್ಕದ ಕುರ್ಚಿಯಲ್ಲಿ ಕುಳಿತರು. ನಾನು ಗ್ಲಾಸು ಇಟ್ಟು, ಚಮಚವನ್ನು ಬಲಗೈಯಲ್ಲಿ ಹಿಡಿದೆ.

"ಚಾಯಕ್ಕೆ ಸಕ್ಕರೆ ಹಾಕ್ಲಾ?"

ಅಚ್ಚುತಣ್ಣ ತಲೆ ಆಡಿಸಿದರು. "ಕಟ್" ಎಂದಳು ಯಶಸ್ವಿ. ನನ್ನ ಮುಖ ನೋಡಿ, ಹೆದರುತ್ತ ಹೆದರುತ್ತ, "ಅಕ್ಕ, ಇನ್ನೊಂದು ಸಲ..." ಎಂದಳು.

"ಆಯ್ತು," ಎಂದೆ.

ಅವಳು ನಂಬದೆ ಒಂದು ಗಳಿಗೆ ಅಲ್ಲೇ ನಿಂತಳು. ಹಿಂದಿನಿಂದ ತೆಗೆದರು. ಬದಿಯಿಂದ ತೆಗೆದರು. ಬಸ್ಸು ಹಾರನ್ನು ಹೊಡೆಯಿತೆಂದು ಇನ್ನೊಮ್ಮೆ ತೆಗೆದರು. ಚಮಚ ಬಲಗೈಯಲ್ಲೇ ಇತ್ತು. ಅಚ್ಚುತಣ್ಣ ಚೀಲವನ್ನು ಬಲಕ್ಕೇ ಇಟ್ಟರು, ಬೈರಾಸಿನಲ್ಲಿ ಕುತ್ತಿಗೆಯನ್ನೇ ಒರಸಿದರು. ಈಗ ಅದು ಕಲ್ಪನೆ ಕಡಿಮೆಯಾದದ್ದಲ್ಲ ಎಂದು ಕಂಡಿತು. ನನಗೆ ತಪ್ಪಬಾರದೆಂದು ತಾಳ ಹಿಡಿದುಕೊಟ್ಟದ್ದು ಅದು. ನಿನ್ನೆಯಿಡೀ ಹಿಡಿದೇ ಇದ್ದರು, ನಾನು ಕೇಳಿಸಿಕೊಂಡಿರಲಿಲ್ಲ.

ಕೊನೆಗೆ ನನ್ನ ಮುಖ ಮಾತ್ರ ಹಿಡಿಯುವ ಶಾಟ್. ಉದಯ ಕ್ಯಾಮರಾವನ್ನು ಉಸಿರು ತಾಗುವಷ್ಟು ಹತ್ತಿರ ತಂದ. ಗ್ಲಾಸು, ಸಕ್ಕರೆ ಡಬ್ಬಿ, ನನ್ನ ಕೈ, ಮುಖ, ಇಷ್ಟೇ ಕಾಣುವುದು. ಅಚ್ಚುತಣ್ಣ ಕಾಣುವುದಿಲ್ಲ. ನಾನು ನೋಡಲು ಒಂದು ಮುಖ ಬೇಕೆಂದು ಸುಮ್ಮನೆ ಎದುರು ಕುಳಿತಿದ್ದರು.

"ಚಾಯಕ್ಕೆ ಸಕ್ಕರೆ ಹಾಕ್ಲಾ?" ಎಂದೆ.

ಅಚ್ಚುತಣ್ಣ ತಲೆ ಆಡಿಸಲಿಲ್ಲ. ನನ್ನನ್ನೇ ನೋಡಿದರು. ಅವರ ಗಲ್ಲ ಅದುರಿತು. ಬರೆದದ್ದರಲ್ಲಿ ಎಲ್ಲೂ ಇಲ್ಲದ ಮಾತು ಅವರ ಬಾಯಿಂದ ಬಂತು.

"ಮರೆತೇ ಹೋಯ್ತಾ ನಿನಗೆ?"

ಯಶಸ್ವಿ "ಕಟ್" ಎನ್ನಲಿಲ್ಲ.

ದೇವರೇ, ಎಂಥ ಮಾತು ಸಿಕ್ಕಿತ್ತು ನನಗೆ! ಎದುರಾಳಿ ತಾನಾಗಿ ಬಾಗಿಲು ತೆರೆದುಕೊಟ್ಟ ಹಾಗೆ. ಮರೆತವರು ಯಾರು? ಮರೆಯುವುದೆಂದರೆ ಏನು? ಬಿಟ್ಟುಹೋದವನಿಗೆ ಕೇಳುವ ಹಕ್ಕು ಎಲ್ಲಿಂದ ಬಂತು? ಇಪ್ಪತ್ತು ವರ್ಷದ ಮಾತುಗಳೆಲ್ಲ ಸಾಲುಗಟ್ಟಿ ಗಂಟಲಿನವರೆಗೆ ಬಂದು ನಿಂತವು. ಅರ್ಧ ಗಂಟೆ ಹೇಳಬಹುದಿತ್ತು. ಅವರನ್ನು ಆ ಬೆಂಚಿನಿಂದ ಏಳದಂತೆ ಮಾಡಬಹುದಿತ್ತು.

ಹೇಳಲಿಲ್ಲ. ಹೇಳಬಾರದು ಎಂದು ತಡೆದದ್ದಲ್ಲ. ಹೇಳಬೇಕು ಅನ್ನಿಸಲೇ ಇಲ್ಲ. ಅಷ್ಟೂ ಮಾತು ನನ್ನೊಳಗೇ ಇತ್ತು, ಯಾರೂ ಕಸಿದುಕೊಂಡಿರಲಿಲ್ಲ. ಅದು ಇದ್ದರೆ ಸಾಕು, ಆಡಿ ತೋರಿಸಬೇಕಾಗಿಲ್ಲ ಎಂದು ತಿಳಿದಾಗ ತಲೆಯ ಮೇಲಿನ ಹೊರೆ ಯಾರೋ ಇಳಿಸಿಕೊಂಡ ಹಾಗಾಯಿತು. ಎದುರಿನ ಸಾಲಿನ ಅಜ್ಜಂದಿರು ಎಲ್ಲಿ ಹೋದರೋ. ಮಾತಾಡದಿದ್ದರೆ ನಾನು ಯಾರೂ ಅಲ್ಲ ಎಂಬ ಹೆದರಿಕೆ ಆ ಬೆಂಚಿನ ಎದುರು ನಿಂತಲ್ಲೇ ನನ್ನನ್ನು ಬಿಟ್ಟುಹೋಯಿತು.

ಕೈ ತಾನಾಗಿ ಹೋಯಿತು. ಒಂದು ಚಮಚ ಸಕ್ಕರೆ ಹಾಕಿದೆ. ಸ್ವಲ್ಪ ತಡೆದು, ಇನ್ನರ್ಧ ಹಾಕಿದೆ. ಕಲಸಿ, ಗ್ಲಾಸನ್ನು ಅವರ ಕಡೆ ದೂಡಿದೆ.

"ಕಟ್" ಎಂದು ಕೇಳಿದಾಗ ಅದು ಯಶಸ್ವಿಯ ಸ್ವರ ಎಂದು ಗೊತ್ತಾಗಲು ತುಸು ಹೊತ್ತು ಬೇಕಾಯಿತು. ಅಚ್ಚುತಣ್ಣ ಎದ್ದು ನಿಂತು ಕೈಮುಗಿದರು. "ತಪ್ಪಾಯ್ತಮ್ಮ. ಯಾವತ್ತೂ ಹೀಗೆ ಆಗಿಲ್ಲ. ಮಾತು ಹೊರಗೆ ಬಂದದ್ದೇ ಗೊತ್ತಾಗ್ಲಿಲ್ಲ." ಯಶಸ್ವಿ ಅವರನ್ನು ದಾಟಿ ಬಂದು ನನ್ನನ್ನು ತಬ್ಬಿಕೊಂಡಳು. "ಇದು ಇರ್ಲಿ ಅಕ್ಕ, ಇದು ಹೀಗೇ ಇರ್ಲಿ. ಅಚ್ಚುತಣ್ಣನ ಮಾತೂ ಇರ್ಲಿ" ಎಂದು ಅಳುತ್ತಲೇ ನಕ್ಕಳು. ಆಮೇಲೆ ಉದಯನಿಗೆ ಸುಳ್ಯದ ಕಡೆಯ ಅರೆಭಾಷೆಯಲ್ಲಿ ಏನೋ ಕೂಗಿ ಹೇಳಿದಳು, ಅವನು ಹೆಬ್ಬೆರಳು ಎತ್ತಿ ತೋರಿಸಿದ. ವಿಷ್ಣುಪ್ರಸಾದ್ ಎದ್ದು ಬಂದು, "ನಾಳೆ ಏಳು ಗಂಟೆಗೇ ಬರ್ಬೇಕು ಮಾರಾಯ್ರೆ, ಅಂಗಡಿ ತೆರೆಯುವ ಸೀನು ಉಂಟು" ಎಂದರು. ಅವರಿಂದ ಅದಕ್ಕಿಂತ ಹೆಚ್ಚಿನ ಕ್ಷಮಾಪಣೆ ನಿರೀಕ್ಷಿಸಬಾರದು. ನನಗೆ ಅಷ್ಟೇ ಬೇಕಾಗಿತ್ತು. ನೀರು ಕೇಳಿ ಕುಡಿದೆ, ಚಾಯದಂಗಡಿಯ ಬೆಂಚಿನ ಮೇಲೆ ಗಿರಾಕಿಯಂತೆ ಕುಳಿತೆ, ಮನಸಾರೆ ಉಸಿರು ಬಿಟ್ಟೆ.

ಹಿಂದಿರುಗುವಾಗ ಗೌರೀಶಂಕರರು ಆಲಂಕಾರಿನ ಹತ್ತಿರ ಗೇರು ಬದಲಿಸುತ್ತ, ಮುಂದಿನ ರಸ್ತೆಯನ್ನೇ ನೋಡುತ್ತ ಕೇಳಿದರು.

"ಆ ಒಂದೂವರೆ ಚಮಚ ಉಂಟಲ್ಲ, ಅದು ಯಶಸ್ವಿ ಹೇಳಿದ್ದಾ?"

"ಅಲ್ಲ."

"ಪುಸ್ತಕದಲ್ಲಿ ಇತ್ತಾ?"

"ಇಲ್ಲ."

ಸ್ವಲ್ಪ ದೂರ ಹೋದರು.

"ಅದು ನನ್ನ ಅಳತೆ ಅಲ್ವಾ? ನೀನು ದಿನಾ ನನಗೆ ಹಾಕುದು ಅಷ್ಟೇ ಅಲ್ವಾ?"

ನನಗೆ ಅಲ್ಲಿಯವರೆಗೆ ಅದು ಹೊಳೆದಿರಲಿಲ್ಲ. ಹೊಳೆದದ್ದೇ ಕಿಟಕಿಯ ಕಡೆ ತಿರುಗಿದೆ.

"ಹೇಳು ಮಾರಾಯ್ತಿ. ಹೌದಾ, ಅಲ್ವಾ? ಒಂದು ಮಾತು ಹೇಳು."

ಶಾಂತಿಮೊಗರು ಸೇತುವೆಯ ಮೇಲೆ ಕಾರು ನಿಧಾನವಾಯಿತು. ಅವರು ರಸ್ತೆ ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಮದುವೆಯಾದಂದಿನಿಂದ ನನ್ನ ಮಾತು ಮುಗಿಯುವುದನ್ನು ಅವರು ಕಾದದ್ದಕ್ಕೆ ಲೆಕ್ಕವಿಲ್ಲ. ಶುರುವಾಗುವುದನ್ನು ಕಾದದ್ದು ಇದೇ ಮೊದಲು. ಇನ್ನೂ ಸ್ವಲ್ಪ ಕಾಯಲಿ ಎಂದು ಸುಮ್ಮನೆ ಕುಳಿತೆ.